ಹೆಲ್ಮೆಟ್ ಇಲ್ಲದ ಫೋಟೋ

"ಸರ್ವರ್ ಡೌನ್ ಐತಮ್ಮ," ಎಂದ ಹೊನ್ನಾಳಿ ಠಾಣೆಯ ಪೇದೆ ಮೈಲಾರಿ, ತಲೆ ಎತ್ತದೆ.

ದಂಡ ಕಟ್ಟಲು ಹೇಮಾವತಿ ಬೆಳಗಿನಿಂದ ಒದ್ದಾಡುತ್ತಿದ್ದಳು. ಫೋನಿನಲ್ಲಿ ಪೇಜೇ ತೆರೆಯಲಿಲ್ಲ, ಸೈಬರ್ ಅಂಗಡಿಯವನೂ ಕೈಚೆಲ್ಲಿದ. ಕೊನೆಗೆ ನ್ಯಾಮತಿಯಿಂದ ಬಸ್ಸು ಹತ್ತಿ ಬಂದಿದ್ದಳು. ಹೆಲ್ಮೆಟ್ ಇಲ್ಲದ್ದಕ್ಕೆ ದಂಡ. ದುಡ್ಡಿನ ಚಿಂತೆ ಅವಳಿಗಿರಲಿಲ್ಲ, ಇದ್ದದ್ದು ಫೋಟೋದ ಚಿಂತೆ. ಸರ್ಕಲ್ಲಿನ ಕ್ಯಾಮೆರಾ ಇಬ್ಬರನ್ನೂ ಹಿಡಿದಿತ್ತು. ಅವಳ ಸ್ಕೂಟರ್ ಓಡಿಸುತ್ತಿದ್ದ ಅವನು, ಹಿಂದೆ ಕೂತು ನಗುತ್ತಿದ್ದ ಇವಳು.

"ಇವತ್ತು ಕಟ್ಟದಿದ್ರೆ, ಸರ್?"

"ನಾಳೆ ಫೋಟೋ ಸಮೇತ ನೋಟೀಸು ಮನೆಗೆ ಬರುತ್ತೆ."

ಮನೆಯಲ್ಲಿ ಅಪ್ಪ ಮಹೇಶ್ವರಪ್ಪ. ಬೀಗರೂಟದಲ್ಲಿ ಶುರುವಾದ ಜಗಳವನ್ನು ಬೆಳೆಸಿ, ಮಗಳನ್ನು ತವರಿಗೆ ಕರೆತಂದು, ವಿಚ್ಛೇದನದ ಕೇಸು ಹಾಕಿಸಿದವರು. ತಮ್ಮ ಮಗಳು ಅಪರಂಜಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಈ ಫೋಟೋ ಕಂಡರೆ ಅವಳು ಹೊಸ್ತಿಲು ದಾಟುವಂತಿಲ್ಲ, ಅವನನ್ನು ಇನ್ನು ಕಾಣುವಂತಿಲ್ಲ. ಅವನಿಲ್ಲದೆ ಅವಳಿಗೆ ಬದುಕು ಬೇಡವಾಗಿತ್ತು.

ಹೊರಗೆ ಬಂದು ಅವನಿಗೆ ಫೋನ್ ಮಾಡಿದಳು.

"ನಾನು ಬರ್ಲಾ?" ಎಂದ.

"ಬ್ಯಾಡ್ರಿ. ಅಪ್ಪಾಜಿ ಕಣ್ಣಿಗೆ ಬಿದ್ರೆ ನಿಮ್ಮನ್ನ ಸಿಗಿದು ತೋರಣ ಕಟ್ತಾರೆ."

ಕದ್ದು ತಿರುಗುವವರ ಹಣೆಬರಹವೇ ಇಷ್ಟು. ಸುಖ ಗಳಿಗೆಯದು, ಪುಕುಪುಕು ದಿನವಿಡೀ.

"ಬಾರಮ್ಮ, ಸರ್ವರ್ ಬಂತು!" ಮೈಲಾರಿ ಕೂಗಿದ. ಅವಳು ಓಡಿದಳು. ಗಾಡಿ ನಂಬರು ಹೊಡೆದ. ಪರದೆಯ ಮೇಲೆ ಫೋಟೋ ಮೂಡಿತು. "ಒಟಿಪಿ ಹೇಳಮ್ಮ."

ಅವಳ ಫೋನು ಸದ್ದು ಮಾಡಲಿಲ್ಲ. ಮದುವೆಗೆ ಅಪ್ಪ ಕೊಟ್ಟ ಸ್ಕೂಟರ್ ಅದು. ಗಾಡಿ ಮಗಳ ಹೆಸರಿಗೆ, ಆದರೆ ಮನೆ ಯಜಮಾನರಲ್ಲವೇ, ಫೋನ್ ನಂಬರು ಮಾತ್ರ ತಮ್ಮದೇ ಕೊಟ್ಟಿದ್ದರು. ದಂಡದ ಮೆಸೇಜೂ ಅವರಿಗೇ ಬಂದಿತ್ತು. "ಏನದು, ಓದು" ಎಂದು ಮಗಳ ಕೈಗೇ ಕೊಟ್ಟಿದ್ದರು. ಆಗ ಅಳಿಸಿ ಬಚಾವಾಗಿದ್ದಳು. ಒಟಿಪಿಯೂ ಅಲ್ಲಿಗೇ ಹೋಗುತ್ತದೆಂದು ಹೊಳೆದಿರಲಿಲ್ಲ.

"ಅದು ಅಪ್ಪಾಜಿ ನಂಬರು, ಬ್ಯಾಡ ಸರ್, ನಾಳೆ ಬರ್ತೀನಿ," ಎನ್ನುವಷ್ಟರಲ್ಲಿ ಮೈಲಾರಿ ಆ ನಂಬರಿಗೆ ಫೋನ್ ಹಚ್ಚಿದ್ದ.

"ಯಜಮಾನ್ರೇ, ಹೊನ್ನಾಳಿ ಠಾಣೆಯಿಂದ. ನಿಮ್ಮ ಮಗಳು ಸ್ಕೂಟರ್ ದಂಡ ಕಟ್ಟಾಕೆ ಬಂದಾರೆ. ಒಟಿಪಿ ಹೇಳ್ರಿ."

"ಒಟಿಪಿ ಫೋನಲ್ಲಿ ಯಾರಿಗೂ ಹೇಳಬ್ಯಾಡ್ರಿ ಅಂದಾರೆ ಬ್ಯಾಂಕಿನೋರು. ಇಲ್ಲೇ ಅಡಿಕೆ ಮಂಡಿಯಾಗಿದೀನಿ, ನಾನೇ ಬರ್ತೀನಿ."

ಹೇಮಾವತಿಗೆ ಓಡಿಹೋಗಬೇಕೆನಿಸಿತು. ಓಡಿದರೂ ಫೋಟೋ ಇಲ್ಲೇ ಇರುತ್ತದಲ್ಲ ಎಂದು ನಿಂತಳು.

ಮಹೇಶ್ವರಪ್ಪ ಬಂದರು. ಪರದೆ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಮೈಲಾರಿ ಕುರ್ಚಿ ಕೊಟ್ಟ. ಅವರು ಕೂರಲಿಲ್ಲ.

"ಅಲ್ಲಮ್ಮ, ನಿಂಗೆ ಡೈವೋರ್ಸ್ ಕೊಡಿಸಾಕೆ ನಾನು ಕೋರ್ಟು ಅಲೀತಿದ್ರೆ, ನೀನು ಅದೇ ಗಂಡನ ಹಿಂದೆ ಕುಂತ್ಕಂಡು ಹಿಂಗೆ ನಗ್ತೀಯಲ್ಲ!"