ಮೂರನೆಯ ಚೌಕ

"ಇನ್ನೊಂದು ಪೆಟ್ಟಿಗೆ ಏರಿಸಿದ್ರೆ ಕೈ ಮುರೀತೀನಿ," ಎಂದು ಈವೊನ್ ಟ್ರಕ್ಕಿನ ಹಿಂಬಾಗಿಲನ್ನು ಒದ್ದು ಮುಚ್ಚಿದ.

ಅವನ ಅಣ್ಣ ಗಾಯೆತಾನ್ ಕೈಯಲ್ಲಿದ್ದ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟ. "ನನ್ನ ಮೇಲೆ ಯಾಕೆ ಹಾರಾಡ್ತೀಯ? ನಿನ್ನ ಜೋಸಿಯಾನ್ ಕೊಟ್ಟದ್ದನ್ನ ಏರಿಸ್ತಿದ್ದೀನಿ."

"ಅವಳಿಗೆ ತಲೆ ಕೆಟ್ಟಿದೆ. ನಾವು ಎಲ್ಲಿಗೂ ಹೋಗ್ತಿಲ್ಲ."

ಈವೊನ್ ಹೋಗಿ ಮುಂಬಾಗಿಲ ಮೆಟ್ಟಿಲ ಮೇಲೆ ಕಾಲಗಲಿಸಿ ಕೂತ. ಬೆಳಗಿನಿಂದ ಅವನು ಕಾವಲು ಕೂತದ್ದು ಅಲ್ಲೇ. ಒಳಗೆ ಹೋದರೆ ಹೊರಗಿನಿಂದ ಯಾರಾದರೂ ನುಗ್ಗಿಯಾರು ಎಂಬ ಅನುಮಾನ ಅವನಿಗೆ.

ಜುಲೈ ಒಂದು. ಕೆಬೆಕ್‌ನಲ್ಲಿ ಬಾಡಿಗೆಯ ಕರಾರುಗಳು ಜೂನ್ ಮೂವತ್ತಕ್ಕೆ ಮುಗಿಯುತ್ತವೆ, ಮರುದಿನ ಊರಿಗೆ ಊರೇ ಮನೆ ಬದಲಿಸುತ್ತದೆ. ಸೇಂತ್-ಓದಿಲ್‌ನ ಮಣ್ಣುರಸ್ತೆಯಲ್ಲಿ ಬೆಳಗಿನಿಂದ ಹುಲ್ಲಿನ ಗಾಡಿಗಳ ಮೇಲೆ ಹಾಸಿಗೆಗಳು, ದನ ಸಾಗಿಸುವ ಗಾಡಿಗಳಲ್ಲಿ ಫ್ರಿಜ್ಜುಗಳು ಹೋಗುತ್ತಲೇ ಇದ್ದವು. ಹೋಗುವವರಿಗೆಲ್ಲ ಹೋಗಲು ಒಂದು ಮನೆಯಿತ್ತು. ಈವೊನ್‌ಗೆ ಇರಲಿಲ್ಲ. ಸುತ್ತಲ ನಾಲ್ಕು ಊರು ಹುಡುಕಿದರೂ ಐದು ಜನಕ್ಕೆ ಸೂರು ಸಿಕ್ಕಿರಲಿಲ್ಲ. ಅಣ್ಣನ ತೋಟದಲ್ಲಿ ಮೇಪಲ್ ರಸ ಕಾಯಿಸುವ ಗುಡಿಸಲೊಂದಿತ್ತು. ಅಲ್ಲಿ ಒಂದು ಮಂಚ, ಒಂದು ಒಲೆ. "ಒಬ್ಬನಿಗಾದ್ರೆ ಜಾಗ ಇದೆ," ಎಂದು ಗಾಯೆತಾನ್ ಎರಡು ಸಲ ಹೇಳಿದ್ದ. ಎರಡನೆಯ ಸಲ ಈವೊನ್ ಅವನ ಕಾಲರಿಗೆ ಕೈ ಹಾಕಿದ್ದ.

ತಪ್ಪು ನಡೆದದ್ದು ಫೆಬ್ರವರಿಯಲ್ಲಿ. ಒಂದೇ ಗೋಡೆಯಾಚೆ ವಾಸಿಸುವ ಮನೆಯೊಡತಿ ಮದಾಮ್ ಗೊದ್ಬು ಬಾಡಿಗೆಯನ್ನು ತುಸು ಏರಿಸಿ ಕಾಗದ ಕಳಿಸಿದ್ದಳು. ಕಾಗದದ ಅಡಿಯಲ್ಲಿ ಮೂರು ಚೌಕ. ಒಪ್ಪಿದ್ದೇನೆ ಎನ್ನುವುದು ಒಂದು. ಏರಿಕೆ ಒಪ್ಪುವುದಿಲ್ಲ, ಆದರೆ ಮನೆಯಲ್ಲಿರುತ್ತೇನೆ ಎನ್ನುವುದು ಎರಡು. ಮನೆ ಬಿಡುತ್ತೇನೆ ಎನ್ನುವುದು ಮೂರು. ಊರಿನವರೆಲ್ಲ ಎರಡಕ್ಕೆ ಗುರುತು ಹಾಕುತ್ತಾರೆ. ಆಮೇಲೆ ಕಾಫಿ ಕುಡಿಯುತ್ತ ಚೌಕಾಸಿ ಮಾಡುತ್ತಾರೆ. ಈವೊನ್ ಮೂರಕ್ಕೆ ಹಾಕಿದ. ರಸ್ತೆಯ ತುದಿಯ ಈ ಮನೆಗೆ ಇನ್ಯಾರು ಬಂದಾರು? ಮುದುಕಿ ತಾನಾಗಿ ಬಂದು ಕೈ ಮುಗಿಯಲಿ.

ಅವತ್ತು ಜೋಸಿಯಾನ್ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದಳು. "ನನ್ನನ್ನ ಒಂದು ಮಾತು ಕೇಳೋದಿಲ್ವಾ?"

"ಕರಾರಿನಲ್ಲಿ ನಿನ್ನ ಹೆಸರಿದ್ಯಾ?"

ಇರಲಿಲ್ಲ. ಹನ್ನೊಂದು ವರ್ಷ ಜೊತೆಗೆ ಬಾಳಿ ಮೂರು ಮಕ್ಕಳನ್ನು ಹೆತ್ತಿದ್ದರೂ ಇಬ್ಬರ ಹೆಸರೂ ಒಟ್ಟಿಗಿದ್ದ ಮದುವೆಯ ಕಾಗದವಾಗಲಿ ಕರಾರಾಗಲಿ ಇರಲಿಲ್ಲ. ಆ ಕಡೆ ಎಷ್ಟೋ ಸಂಸಾರಗಳು ಹಾಗೇ ನಡೆಯುತ್ತವೆ. ಅವಳು ಆಲೂಗಡ್ಡೆ ಒಲೆಗಿಟ್ಟಳು. ಆ ರಾತ್ರಿಯ ಊಟ ಉಪ್ಪಾಯಿತೆಂದು ಅವನು ತಟ್ಟೆಯನ್ನು ಗೋಡೆಗೆ ಬೀಸಿದ.

ಮುದುಕಿ ಕೈ ಮುಗಿಯಲು ಬರಲಿಲ್ಲ. ಏಪ್ರಿಲ್‌ನಲ್ಲಿ ಬೇರೆಯವರಿಗೆ ಕರಾರು ಬರೆದುಕೊಟ್ಟೆ ಎಂದು ಹೇಳಿ ಕಳಿಸಿದಳು, ಅಷ್ಟೆ.

ಈಗ ಅವಳು ಕೊಟ್ಟಿಗೆಯಿಂದ ರಬ್ಬರ್ ಬೂಟಿನಲ್ಲೇ ನಡೆದು ಬಂದಳು. "ಇನ್ನೂ ಇಲ್ಲೇ ಇದ್ದೀಯಲ್ಲಪ್ಪ."

"ಮಕ್ಕಳನ್ನ ಬೀದಿಗೆ ಹಾಕೋಕೆ ಬಂದ್ರಾ ಮದಾಮ್? ಭಾನುವಾರ ಪ್ರಾರ್ಥನೇಲಿ ಮುಂದಿನ ಸಾಲಲ್ಲೇ ಕೂತಿರ್ತೀರಿ."

"ಗುರುತು ಹಾಕಿದ್ದು ನನ್ನ ಕೈ ಅಲ್ಲ."

"ಕೋಪದಲ್ಲಿ ಹಾಕ್ದೆ. ಹರಿದು ಬಿಸಾಕೋಕೆ ನಿಮಗೇನು ರೋಗ?"

"ನಿನ್ನ ಕೋಪ ಆರು ವರ್ಷದಿಂದ ಗೋಡೆಯಾಚೆ ಕೇಳಿಸ್ಕೊಂಡಿದ್ದೀನಿ. ಸಾಕು."

"ಬರೋರು ಯಾರು? ಹೆಸರು ಹೇಳಿ."

"ಮಕ್ಕಳೊಂದಿಗಳು. ಗಲಾಟೆ ಇಲ್ಲದ ಹೆಂಗಸು. ಬರೋ ವಾರದಿಂದ ಬೇಕರೀಲಿ ಕೆಲಸ, ತಾನೇ ದುಡೀತಾಳೆ."

"ಬರಲಿ," ಎಂದ ಈವೊನ್, ರಸ್ತೆಗೂ ಕೇಳುವಂತೆ. "ಇನ್ನೊಬ್ಬಳ ಮಕ್ಕಳನ್ನ ಹೊರಗೆ ಹಾಕಿ ಒಲೆ ಹಚ್ಚೋಕೆ ಬರೋ ಮೂಳಿ ಮುಖ ನೋಡ್ಬೇಕು. ಉಗೀಬೇಕು."

ಒಳಗೆ ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಕಿಟಕಿಯ ಪರದೆಗಳು ಇದ್ದಲ್ಲೇ ಇದ್ದವು. ಜೋಸಿಯಾನ್ ಅವನ್ನು ಇಳಿಸಿರಲಿಲ್ಲ. ಅದನ್ನು ನೋಡಿ ಈವೊನ್‌ಗೆ ಬಲ ಬಂತು. ಹೆಂಗಸು ಕಡೆಗೂ ತನ್ನ ಪಕ್ಕ ನಿಂತಿದ್ದಾಳೆ.

"ಜೋಸಿಯಾನ್! ಈ ಮುದುಕಿಗೆ ಹೇಳು. ನೀನು ಹೋಗ್ತೀಯಾ?"

"ಇಲ್ಲ," ಎಂದಳು ಅವಳು ಒಳಗಿನಿಂದ. "ಮಕ್ಕಳನ್ನ ಕರ್ಕೊಂಡು ಈ ಮನೆ ಬಿಟ್ಟು ನಾನು ಹೋಗೋದಿಲ್ಲ."

"ಕೇಳಿಸ್ತಾ ಮದಾಮ್? ಪೊಲೀಸರನ್ನ ಕರೆಸಿ. ನಾವು ಐದು ಜನ, ಎಳೆದು ಹಾಕಲಿ ನೋಡೋಣ."

ಮದಾಮ್ ಗೊದ್ಬು ಗಾಯೆತಾನ್‌ನ ಕಡೆ ನೋಡಿದಳು. ಗಾಯೆತಾನ್ ನೆಲ ನೋಡಿದ.

"ಇಳಿಸೋ ಎಲ್ಲ," ಎಂದು ಈವೊನ್ ಎದ್ದು ಟ್ರಕ್ಕಿನ ಬಳಿ ಹೋದ. ಅಣ್ಣ ಅಲುಗಲಿಲ್ಲ. ಅವನೇ ಬಾಗಿಲು ತೆರೆದು ಒಂದು ಪೆಟ್ಟಿಗೆ ಎಳೆದು ಬಿಚ್ಚಿದ. ಅವನ ಬೇಟೆಯ ಕೋಟು. ಇನ್ನೊಂದರಲ್ಲಿ ಮರ ಕೊಯ್ಯುವ ಕಾರ್ಖಾನೆಯ ಬೂಟುಗಳು, ಕ್ಷೌರದ ಸಾಮಾನು. ಮೂರನೆಯದರಲ್ಲಿ ಮೀನಿನ ಗಾಳಗಳು, ಒಪ್ಪವಾಗಿ ಮಡಿಸಿದ ಅಂಗಿಗಳು. ಒಂದು ಚಮಚ ಇಲ್ಲ, ಮಕ್ಕಳ ಒಂದು ಕಾಲುಚೀಲ ಇಲ್ಲ.

"ಮಕ್ಕಳ ಸಾಮಾನು ಎಲ್ಲಿ?"

ಅಣ್ಣ ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಮುಚ್ಚಿದ. ಈವೊನ್ ದಾಪುಗಾಲು ಹಾಕಿ ಬಂದು ಮತ್ತೆ ಮೆಟ್ಟಿಲ ಮೇಲೆ ಕೂತ, ಈ ಸಲ ಕಂಬವನ್ನು ಹಿಡಿದುಕೊಂಡು. "ಆ ಹೆಂಗಸು ಬರೋ ತನಕ ನಾನು ಏಳೋದಿಲ್ಲ."

ಹಿಂದೆ ಬಾಗಿಲು ತೆರೆಯಿತು. ಜೋಸಿಯಾನ್ ಕೈಗಂಟಿದ ಹಿಟ್ಟನ್ನು ಒರೆಸಿಕೊಂಡಳು.

"ಏಪ್ರಿಲ್‌ನಲ್ಲಿ ಇವರ ಹತ್ರ ಕರಾರು ಬರೆಸ್ಕೊಂಡೋಳು ನಾನೇ, ಈವೊನ್. ಏಳು, ಮಕ್ಕಳು ಆಟಕ್ಕೆ ಹೋಗ್ಬೇಕು."