ತೆರಿಗೆ ಕಳೆದ ಮೇಲೆ

"ಅಕ್ಕಾ, ಹನ್ನೆರಡು ಲಕ್ಷ ಅಂದ ತಕ್ಷಣ ಹುಬ್ಬು ಗಂಟಿಕ್ಕಬೇಡ. ಅದು ಬಾಯಲ್ಲಿ ಹೇಳೋ ಬೆಲೆ ಅಷ್ಟೇ. ತೆರಿಗೆಯಲ್ಲಿ ಉಳಿಯೋದನ್ನ ಕಳೆದು ನೋಡು, ನಿಜವಾಗಿ ನಮ್ಮ ಕೈಯಿಂದ ಹೋಗೋದು ಎಂಟೂವರೆ!"

ಇಸ್ತ್ರಿ ಮೇಜಿನ ಮೇಲೆ ಹೊಸ ಯಂತ್ರದ ಚಿತ್ರ ಹರಡಿ ಪೆನ್ನು ಮುಂದಿಟ್ಟ ತಮ್ಮ. ಒದ್ದೆ ಬೆಡ್‌ಶೀಟನ್ನು ಈ ಕಡೆ ತೂರಿಸಿದರೆ ಆ ಕಡೆ ಒಣಗಿ, ಇಸ್ತ್ರಿಯಾಗಿ, ಮಡಚಿಕೊಂಡೇ ಬರುವ ಯಂತ್ರ. ಅಪ್ಪ ಬಿಟ್ಟುಹೋದ ಲಾಂಡ್ರಿ ಇಬ್ಬರ ಹೆಸರಲ್ಲಿತ್ತು, ಅರ್ಧರ್ಧ. ಒಗೆಯೋದು ಮಡಚೋದು ಅಕ್ಕನದು, ಲೆಕ್ಕ ತಮ್ಮನದು. ಸಹಿ ಮಾತ್ರ ಇಬ್ಬರದೂ ಬೇಕು.

ಅಕ್ಕ ಪೆನ್ನು ಮುಟ್ಟಲಿಲ್ಲ. ಅವಳ ಕಣ್ಣೆಲ್ಲ ಯಂತ್ರ ಮಾರಲು ಬಂದವನ ಮೇಲೆ. ಮಾತಿಗೊಂದು ಮೇಡಂ! ಬಿಟ್ಟರೆ ಸೋಪಿನ ನೀರಲ್ಲಿ ನೆಂದ ಅವಳ ಚಪ್ಪಲಿಯನ್ನೂ ಹೊಗಳುವ ಹಾಗಿದ್ದ. ಇಷ್ಟು ಬೆಣ್ಣೆ ಯಾಕೆ? ತಮ್ಮನಿಗೆ ಒಳಗಿಂದೊಳಗೇ ಕಮಿಷನ್ ಏನಾದರೂ ಇದೆಯಾ?

"ತೆರಿಗೆ ಅದ್ಹೇಗೋ ಉಳಿಯುತ್ತೆ?"

"ಯಂತ್ರ ವರ್ಷವರ್ಷ ಸವೆಯುತ್ತಲ್ಲ, ಆ ಸವಕಳೀನ ಖರ್ಚು ಅಂತ ತೋರಿಸ್ಬಹುದು. ಅಷ್ಟು ಲಾಭಕ್ಕೆ ತೆರಿಗೆ ಇಲ್ಲ. ಯಂತ್ರ ದುಡಿದು ತರೋದ್ರಲ್ಲೂ ತೆರಿಗೆ ಕಳೆದೇ ನೋಡಿದ್ದೀನಿ. ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ವಾಪಸ್, ಆಮೇಲೆಲ್ಲ ನಮ್ದೇ!"

"ಹಾಗಾದ್ರೆ ಲಾಭವೇ ಕಾಣದ ಪಕ್ಕದಂಗಡಿ ಟೈಲರ್ ಕೊಂಡ್ರೂ ಅಷ್ಟೇ ಉಳಿಯುತ್ತಾ?" ಅಕ್ಕ ಮಾರುವವನನ್ನೇ ಕೇಳಿದಳು. ಸುಳ್ಳು ಹೇಳಿದರೆ ಮುಖದಲ್ಲೇ ಸಿಕ್ಕಿಬೀಳಲಿ ಅಂತ.

ಅವನ ಮುಖದಲ್ಲಿ ಸುಳ್ಳೇ ಇರಲಿಲ್ಲ. "ಅದೆಲ್ಲಿ ಬಂತು ಮೇಡಂ! ಲಾಭ ಇಲ್ದೋರು ತೆರಿಗೆ ಕಟ್ಟಲ್ಲ, ಕಟ್ಟದೋರಿಗೆ ಉಳಿಯೋದೇನು? ಅವ್ರಿಗೆ ಪೂರ್ತಿ ಹನ್ನೆರಡೇ. ನಿಮ್ ತಮ್ಮ ಮೂರು ವರ್ಷದಿಂದ ಕಟ್ಟಿರೋ ತೆರಿಗೆ ಕೇಳಿ ನಾನೇ ದಂಗಾದೆ. ಇಷ್ಟು ಲಾಭದ ಲಾಂಡ್ರಿ ನಾನಂತೂ ನೋಡಿಲ್ಲ!"

ತಮ್ಮ ಕೆಮ್ಮಿದ.

ಒಗೆಯುವ ಡ್ರಮ್ಮು ಗಡಗಡ ತಿರುಗುತ್ತಲೇ ಇತ್ತು. ಅಕ್ಕ ಈಗ ನೋಡುತ್ತಿದ್ದುದು ತಮ್ಮನನ್ನು. ಪಾಲು ಕೇಳಿದಾಗಲೆಲ್ಲ "ಲಾಭ ಎಲ್ಲಿದೆ ಅಕ್ಕಾ, ಕರೆಂಟ್ ಬಿಲ್ಲಿಗೇ ಸಾಲಲ್ಲ" ಅಂದಿದ್ದ. ಮಗಳ ಕಾಲೇಜು ಫೀಸಿಗೆ ಕೇಳಿದಾಗಲಂತೂ ಕಣ್ಣಲ್ಲಿ ನೀರೇ ತಂದುಕೊಂಡಿದ್ದ. ಅವನನ್ನು ಸಮಾಧಾನ ಮಾಡಿ ಕಳಿಸಿದ್ದು ಇವಳೇ. ಮಗಳು ಓದು ಬಿಟ್ಟು ಈಗ ಹಿಂದಿನ ಕೋಣೆಯಲ್ಲಿ ದಿಂಬಿನ ಕವರುಗಳ ಕಲೆ ಉಜ್ಜುತ್ತಿದ್ದಳು.

"ಸರಿ ಸರ್, ನೀವಿನ್ನು ಹೊರಡಿ, ನಾನು ಫೋನ್ ಮಾಡ್ತೀನಿ." ತಮ್ಮ ಗಡಿಬಿಡಿಯಿಂದ ಮಾರುವವನ ಬ್ಯಾಗನ್ನು ತಾನೇ ಎತ್ತಿ ಅವನ ಕೈಗೆ ತುರುಕಿದ.

"ಅವ್ರನ್ನ ಯಾಕೋ ಓಡಿಸ್ತೀಯಾ? ಕೂತ್ಕೊಳ್ಳಿ ಸರ್." ಅಕ್ಕ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಆಮೇಲೆ ಹಿಂದಿನ ಕೋಣೆಯ ಕಡೆ ತಿರುಗಿ ಕೂಗಿದಳು:

"ಮಗಳೇ, ಕೈ ತೊಳ್ಕೊಂಡು ಬೇಗ ಬಾರೇ. ನಿಮ್ಮ ಮಾವ ಲೆಕ್ಕ ಹೇಳ್ಕೊಡ್ತಾನಂತೆ!"