ಬೆಳಿಗ್ಗೆ ಬಂದ ಫೈಲು

ಮತ್ತೊಮ್ಮೆ ಒತ್ತಿದರೂ ಪಾಸ್‌ವರ್ಡ್ ತಪ್ಪು ಎಂದೇ ಬಂತು. ಬೂರುಲ್ ತಲೆಯೆತ್ತಿದಳು. ಎದುರಿನ ಮೇಜಿನಲ್ಲಿ ಜಾಲತಾಣ ನೋಡಿಕೊಳ್ಳುವ ಸಾಮತ್ ಥಟ್ಟನೆ ತನ್ನ ಪರದೆಯನ್ನು ಗೋಡೆಯ ಕಡೆ ತಿರುಗಿಸಿದ.

“ಏನೋ ಸಾಮತ್, ನನ್ನನ್ನ ಹೊರಗಿಟ್ಟು ಬೀಗ ಹಾಕಿದ್ದೀಯಾ?”

“ಸವೀರಾ ಅಕ್ಕ ಹೇಳಿದ್ರು. ಅವರನ್ನೇ ಕೇಳು.”

ಅವಳನ್ನು ಕಿಚಾಯಿಸದೆ ಬೆಳಗಿನ ಚಹಾ ಕುಡಿಯದವನು ಅವನು. ಇವತ್ತು ಮುಖವನ್ನೇ ತೋರಿಸಲಿಲ್ಲ.

ಬೂರುಲ್‌ಗೆ ಹೊಳೆಯಿತು. ಬಂದೇಬಿಟ್ಟಿತು, ವೈರಸ್.

ಅದಕ್ಕೆ ಬಾಗಿಲು ತೆರೆಸಿದವಳು ಅವಳೇ. ರಷ್ಯಾಕ್ಕೆ ದುಡಿಯಲು ಹೋಗಿ ಕಷ್ಟಕ್ಕೆ ಸಿಕ್ಕಿದವರಿಗೆ ನೆರವಾಗುವ ಸಂಸ್ಥೆ ಅವರದು. ಓಶ್ ಪೇಟೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ. ಜಾಲತಾಣದ ಸಂಪರ್ಕ ಪುಟದಲ್ಲಿ ಹೆಸರು ಬರೆದು, ಕಷ್ಟ ಬರೆದು, ಕೆಳಗೆ ಫೈಲ್ ಸೇರಿಸಬೇಕು. ಪಾಸ್‌ಪೋರ್ಟು, ಕೆಲಸದ ಕರಾರು, ಆಸ್ಪತ್ರೆಯ ಚೀಟಿ, ಯಾವುದೋ ಒಂದು. ಆ ಪುಟ ಪಿಡಿಎಫ್ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಫೋನಿನಲ್ಲಿ ತೆಗೆದ ಫೋಟೋ ಹಾಕಿದರೆ ‘ಫೈಲ್ ದೊಡ್ಡದಾಯಿತು’ ಎಂದು ಕೆಂಪಕ್ಷರದಲ್ಲಿ ಉಗಿದು, ಬರೆದದ್ದನ್ನೆಲ್ಲ ಅಳಿಸಿಹಾಕುತ್ತಿತ್ತು. ಇಂಥ ಪುಟ ಮಾಡಿದವರನ್ನು ಒಂದು ಚಳಿಗಾಲ ಕೂಲಿಗಳ ಶೆಡ್ಡಿನಲ್ಲಿ ಮಲಗಿಸಬೇಕು.

“ಆಸ್ಪತ್ರೇಲಿ ಬಿದ್ದಿರೋನಿಗೆ ಪಿಡಿಎಫ್ ಮಾಡ್ಕೊಂಡು ಬಾ ಅಂತೀರಲ್ಲ, ನಾಚಿಕೆ ಆಗಲ್ವಾ?” ಎಂದು ಕಳೆದ ತಿಂಗಳ ಸಭೆಯಲ್ಲಿ ಬೂರುಲ್ ಕಿರುಚಿದ್ದಳು.

“ಕಂಡಕಂಡ ಫೈಲ್ ಬಿಟ್ಕೊಂಡ್ರೆ ವೈರಸ್ಸೂ ಬರುತ್ತೆ, ತಾಯಿ. ಬಂದ ದಿನ ನಿನ್ನ ಹೆಸರೇ ಹೇಳ್ತೀನಿ,” ಎಂದಿದ್ದ ಸಾಮತ್.

“ಹೇಳೋ. ದಪ್ಪಕ್ಷರದಲ್ಲಿ ಬರ್ದು ಹೇಳು.”

ಅವಳು ಗೆದ್ದಳು. ಪುಟ ಫೋಟೋಗಳನ್ನು ಒಳಗೆ ಬಿಡತೊಡಗಿತು. ಬಂದದ್ದನ್ನು ಸಾಮತ್ ಬೇರೆ ಜಾಗದಲ್ಲಿಟ್ಟು ಪರೀಕ್ಷಿಸಿ ಕೊಡುತ್ತಿದ್ದ. ತೆರೆದು ಓದುವವಳು ಬೂರುಲ್.

ಈ ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಗುವುದಿತ್ತು. “ಒಬ್ಬರ ಸಂಬಳ ಗಟ್ಟಿಯಾದ್ರೆ ಸಾಕು ಕಣೇ, ಈ ಇಟ್ಟಿಗೆ ಹೊರೋದು ಬಿಟ್ಟು ನೋರೂಜ್ ಹಬ್ಬಕ್ಕೆ ಬಂದ್ಬಿಡ್ತೀನಿ,” ಎಂದು ಗಂಡ ಕುಬಾತ್ ಭಾನುವಾರ ರಷ್ಯಾದಿಂದ ಫೋನಿನಲ್ಲಿ ಹೇಳಿದ್ದ. ಇವಳ ಕೆಲಸ ಹೋದರೆ ಅವನು ಬರುವುದಿಲ್ಲ. ಲೆಕ್ಕ ಅಷ್ಟೇ.

ಸಂಸ್ಥೆ ನಡೆಸುವ ಸವೀರಾ ಒಳಗೆ ಕರೆದಳು. ಕೂರಿಸಿ ಚಹಾ ಬಗ್ಗಿಸಿದಳು. ಬಟ್ಟಲು ಅಂಚಿನವರೆಗೆ ತುಂಬಿತು, ತಟ್ಟೆಗೂ ಚೆಲ್ಲಿತು. ಬೂರುಲ್‌ಗೆ ಕೆನ್ನೆಗೆ ಹೊಡೆದಂತಾಯಿತು. ಬೇಕಾದವರಿಗೆ ಅರ್ಧ ಬಟ್ಟಲು ಹಾಕಿ ಮತ್ತೆ ಮತ್ತೆ ಬಗ್ಗಿಸುತ್ತಾರೆ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೋಗು ಎಂದರ್ಥ.

“ಬೆಳಿಗ್ಗೆ ಒಂದು ಫೈಲ್ ಬಂತಲ್ವಾ ಅಕ್ಕ?”

ಸವೀರಾ ಬೆಚ್ಚಿದಳು. “ಯಾರು ಹೇಳಿದ್ರು ನಿಂಗೆ?”

“ಯಾರು ಹೇಳ್ಬೇಕು? ಎಲ್ಲರ ಮುಖದಲ್ಲೇ ಬರೆದಿದೆ. ತೋರ್ಸಿ ನಂಗೆ.”

“ಬೇಡ. ನೀನು ನೋಡೋದು ಬೇಡ.”

“ಬಾಗಿಲು ತೆಗೆಸಿದವಳು ನಾನು. ಅನುಭವಿಸೋಳೂ ನಾನೇ ಅಲ್ವಾ?”

“ಹಾಗೆಲ್ಲ ಮಾತಾಡ್ಬೇಡ, ತಂಗಿ.” ಸವೀರಾ ಕಿಟಕಿಯ ಕಡೆ ತಿರುಗಿದಳು. “ನಿನ್ನ ಫೋನ್ ಕೊಡು. ಸಾಮತ್ ಹತ್ರ ಇರಲಿ.”

ಫೋನಿಗೂ ಹಬ್ಬಿದೆ ಎಂದಾಯಿತು. ಬೂರುಲ್ ಕೊಟ್ಟಳು. ಮಧ್ಯಾಹ್ನದವರೆಗೆ ಖಾಲಿ ಮೇಜಿನ ಮುಂದೆ ಕೂತಳು. ಒಳಗೆ ಸವೀರಾ ತಗ್ಗಿದ ದನಿಯಲ್ಲಿ ಯಾರ್‍ಯಾರಿಗೋ ಫೋನ್ ಮಾಡುತ್ತಲೇ ಇದ್ದಳು. ಊಟಕ್ಕೆ ಕುಳಿತಾಗ ಸಾಮತ್ ತನ್ನ ಬುತ್ತಿಯ ಮಾಂಸದ ತುಂಡುಗಳನ್ನೆಲ್ಲ ಅವಳ ತಟ್ಟೆಗೆ ಸರಿಸಿದ. ಕಡಿಯುವ ಕುರಿಗೆ ಮೇವು ಹಾಕುತ್ತಿದ್ದಾನೆ ಎಂದುಕೊಂಡು ಅವಳು ಸಿಟ್ಟಿನಿಂದ ತಟ್ಟೆಯನ್ನು ತಳ್ಳಿದಳು.

“ಹೇಳಿದಂತೆ ಹೆಸರು ಹೇಳ್ದೆ ತಾನೇ? ಈಗ ಸಮಾಧಾನವಾ?”

ಸಾಮತ್ ಎದ್ದು ಹೊರಗೆ ಹೋದ.

ಊಟವಾದ ಮೇಲೆ ಸವೀರಾ ಕಾರಿನ ಕೀಲಿ ಹಿಡಿದು ಬಂದಳು. “ನಡಿ, ಮನೆಗೆ ಬಿಡ್ತೀನಿ.”

ಯಾರನ್ನೂ ಮನೆಗೆ ಬಿಟ್ಟವಳಲ್ಲ ಅವಳು. ಹಳ್ಳಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಚೀಲದಿಂದ ವಸ್ತ್ರ ತೆಗೆದು ತಲೆಗೆ ಕಟ್ಟಿಕೊಂಡಳು. ಬರಿದಲೆಯಲ್ಲಿ ಊರೆಲ್ಲ ಸುತ್ತುವ ಸವೀರಾ! ಚಳಿ ಇರಬೇಕು, ಎಂದುಕೊಂಡಳು ಬೂರುಲ್.

ಓಣಿಯ ತುಂಬ ಕಾರುಗಳು. ಅತ್ತೆಯ ಮನೆಯ ಗೇಟಿನ ಮುಂದೆ ನೆಂಟರು, ನೆರೆಯವರು. ಬೂರುಲ್ ಸವೀರಾಳ ತೋಳು ಹಿಡಿದುಕೊಂಡಳು.

“ಕೆಲಸದಿಂದ ತೆಗೀರಿ ಅಕ್ಕ, ನಾಳೆಯಿಂದ ಬರಲ್ಲ. ಆದ್ರೆ ಊರೋರನ್ನೆಲ್ಲ ಸೇರ್ಸಿ ಮರ್ಯಾದೆ ಕಳೀಬೇಕಾ? ಅತ್ತೆಗೆ ನಾನೇ ನಿಧಾನಕ್ಕೆ ಹೇಳ್ತೀನಿ. ನಮ್ಮನೆಯವರಿಗೆ ಗೊತ್ತಾದ್ರೆ ಹಬ್ಬಕ್ಕೆ ಬರೋದೇ ಇಲ್ಲ ಅಂತಾರೆ. ನಿಮ್ಮ ಕಾಲಿಗೆ ಬೀಳ್ತೀನಿ.”

ಸವೀರಾಳ ಕಣ್ಣು ತುಂಬಿತು. “ನಿನ್ನ ಕೆಲಸ ಎಲ್ಲೂ ಹೋಗಿಲ್ಲ, ಬೂರುಲ್. ವೈರಸ್ಸೂ ಬಂದಿಲ್ಲ. ಇಳಿ.”

“ನಿಜವಾಗ್ಲೂ?” ಬೂರುಲ್‌ಗೆ ನಗು ಉಕ್ಕಿ ಬಂತು. “ಥೂ, ಜೀವ ತೆಗೆದ್ರಲ್ಲ ಬೆಳಿಗ್ಗೆಯಿಂದ! ಹಾಗಾದ್ರೆ ನಮ್ಮನೆಯವರು ಹಬ್ಬಕ್ಕೆ ಬರ್ತಾರೆ!”

ಅವಳು ನಗುತ್ತಲೇ ಗೇಟು ತಳ್ಳಿದಳು. ಅಂಗಳದಲ್ಲಿ ಗಂಡಸರು ಬೂದು ಕಂಬಳಿಯ ಗುಡಾರ ಎತ್ತುತ್ತಿದ್ದರು. ಸಾವಿನ ಮನೆಯವರಂತೆ ನಡುವಿಗೆ ಪಟ್ಟಿ ಬಿಗಿದುಕೊಂಡು, ಕೋಲೂರಿ ನಿಂತ ಹಿರಿಯರು ಇವಳನ್ನು ಕಂಡು ದಾರಿ ಬಿಟ್ಟರು. ಕುಬಾತ್‌ನ ದೊಡ್ಡಪ್ಪ ಮುಂದೆ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಇಂಥ ಮಾತನ್ನು ಹೊರಗಿನವರು ಹೇಳುವಂತಿಲ್ಲ. ಮನೆಗೆ ಕರೆತಂದು, ಹಿರಿಯರೇ ಹೇಳಬೇಕು.

“ಕುಬಾತ್ ಬರ್ತಾನೆ, ಮಗಳೇ. ನಾಳೆ ವಿಮಾನದಲ್ಲಿ ತರ್ತಾರೆ. ಬೆಳಿಗ್ಗೆ ಅವನ ಜೊತೆಗಾರರು ನಿಮ್ಮ ಆಫೀಸಿಗೆ ಕಳಿಸಿದ್ದು ಅವನ ಸಾವಿನ ಚೀಟಿ.”